ಏಳನೇ ಪ್ರಶ್ನೆ

ತರಬೇತಿ ನಡೆದದ್ದು ಜಿಲ್ಲಾ ಪಂಚಾಯ್ತಿ ಸಭಾಂಗಣದಲ್ಲಿ.
ಫ್ಯಾನಿನ ಸದ್ದಿನ ನಡುವೆ ಅಧಿಕಾರಿ ಹೇಳಿದರು:
ಯಾವ್ಯಾವುದೋ ದೇಶಗಳಲ್ಲಿ ಇದಕ್ಕೇ ಸಮಿತಿಗಳಿವೆಯಂತೆ,
ವರ್ಷಕ್ಕೊಂದು ದಿನವನ್ನೂ ಗೊತ್ತುಮಾಡಿದ್ದಾರಂತೆ,
ಮುಸಲ್ಮಾನರಿಗೆ ಎಲ್ಲೆಲ್ಲಿ ಬಾಗಿಲು ಮುಚ್ಚುತ್ತದೆ ಎಂದು
ಸರ್ಕಾರವೇ ಹೋಗಿ ಕೇಳುತ್ತದಂತೆ.
ಇನ್ನು ನಮ್ಮಲ್ಲೂ ಕೇಳಬೇಕು. ನೀವು ಕೇಳಬೇಕು.
ಚಹಾ ಬಂತು, ಎರಡು ಬಿಸ್ಕೆಟ್, ಒಂದು ನೀಲಿ ಪೆನ್ನು.
ಹಿಂದಿನ ಸಾಲಿನಲ್ಲಿ ಗಾಂವ್ಕರ್ ಮಾಸ್ತರರಿಗೆ ನಿದ್ದೆ.

ನನ್ನ ಪಾಲಿಗೆ ಬೈತಖೋಲದ ಮೂವತ್ತೆಂಟು ಮನೆ.
ಐಸಿನ ಲಾರಿ, ಒಣಹಾಕಿದ ಬಲೆ, ಡೀಸೆಲ್ ವಾಸನೆ.
ಮೂವತ್ತೇಳು ಮನೆಗಳಲ್ಲಿ ಏಳನೇ ಪ್ರಶ್ನೆಯನ್ನು
ನೆಲ ನೋಡಿಕೊಂಡು, ಬೇಗ ಬೇಗ ಓದಿದೆ:
ಧರ್ಮದ ಕಾರಣಕ್ಕೆ ನಿಮಗೆ ಮನೆ, ಕೆಲಸ, ಸೇವೆ
ನಿರಾಕರಿಸಲಾಗಿದೆಯೇ?
ಹೌದು. ಇಲ್ಲ. ಹೇಳಲಿಚ್ಛಿಸುವುದಿಲ್ಲ.
ಬಹಳ ಜನ ಇಲ್ಲ ಅಂದರು; ಅಂದಮೇಲೆ ನೀರು ಕೊಟ್ಟರು.

ಕೊನೆಯ ಮನೆಯಲ್ಲಿ ಬಾಗಿಲು ತೆಗೆದವಳು
ರುಖಿಯಾ ದಾಮದಾ, ಸಿವಿಲ್ ಆಸ್ಪತ್ರೆಯ ಲ್ಯಾಬಿನವಳು.
ಅಮ್ಮನ ಕೈಯಲ್ಲಿ ಯಾರಿಗೂ ಸಿಗದ ನರ
ಇವಳ ಬೆರಳಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು.
ಹೋದ ವರ್ಷ ಅವಳಿಗೇ ನಾನು ಹೇಳಿದ್ದೆ
ಗೇಟಿನ ಒಳಗೆ ನಿಂತು, ಚಿಲಕ ತೆಗೆಯದೆ:
ಮಹಡಿ ಮನೆ ನಿನ್ನೆಯೇ ಆಗಿಹೋಯ್ತಲ್ಲಾ.

ಬಾಡಿಗೆಗೆ ಇದೆ ಎಂಬ ತಗಡು
ಆಮೇಲೂ ಐದು ತಿಂಗಳು ತೂಗಿತು ಕೋಡಿಬಾಗದ ಆ ಗೇಟಿನಲ್ಲಿ.
ಉಪ್ಪುಗಾಳಿಗೆ ಮೊದಲ ಪದ ತುಕ್ಕು ಹಿಡಿದು
ಇದೆ ಮಾತ್ರ ಉಳಿಯಿತು.
ಆಗ ಅವಳು ಸದಾಶಿವಗಡದಿಂದ ಸೇತುವೆ ದಾಟಿ ಬರುತ್ತಿದ್ದಳು.
ಬಸ್ಸು ದಿನಾ ಅದರೆದುರೇ.

ಕುರ್ಚಿ ಒರೆಸಿ ಕೊಟ್ಟಳು.
ಅಮ್ಮನ ಸಕ್ಕರೆ ಈಗೆಷ್ಟಿದೆ, ಕೇಳಿದಳು.
ಹೇಳಿದೆ. ಒಂದರಿಂದ ಆರು ತುಂಬಿದೆ.
ಏಳಕ್ಕೆ ಬಾಯಿ ಒಣಗಿತು.
ಅವಳೇ ಹಾಳೆಯನ್ನು ತಲೆಕೆಳಗಾಗಿ ಓದಿ
ನೀವೇ ಬರ್ಕೊಳ್ಳಿ ಅಕ್ಕೋರೆ, ನಿಮಗೆ ಗೊತ್ತಿದ್ದದ್ದೇ ಅಲ್ವಾ, ಅಂದಳು.
ದನಿಯಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ
ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಹೌದು ಎಂಬಲ್ಲಿ ಗೀಟು ಹಾಕಿದೆ.
ಕೆಳಗೆ ಚಿಕ್ಕ ಅಕ್ಷರದಲ್ಲಿ:
ನಿರಾಕರಿಸಿದವರ ವಿಳಾಸ, ಗೊತ್ತಿದ್ದಲ್ಲಿ.
ಬರೆದೆ.
ಪುಟದ ಬುಡದಲ್ಲಿ: ಗಣತಿದಾರರ ವಿಳಾಸ.
ಬರೆದೆ.

ಮೂರನೇ ದಿನ ತಾಲೂಕು ಕಚೇರಿಯಿಂದ ಹಾಳೆ ವಾಪಸು ಬಂತು,
ಅಂಚಿನಲ್ಲಿ ಕೆಂಪು ಶಾಯಿ:
ಎರಡು ಕಡೆ ಒಂದೇ ವಿಳಾಸ.
ಕಣ್ತಪ್ಪು. ತಿದ್ದಿ ಕಳಿಸಿ.