ಮಾವಿನ ಒರೆ

ಮೂವತ್ತು ವರ್ಷ ಕಾಲುಚೀಲದಲ್ಲಿ
ಬರೀ ಹಿಡಿ ಸಿಕ್ಕಿಸಿಕೊಂಡು ನಡೆದೆ ಎಂದರು
ತುಳಶೀರಾಮ ಜಗದಾಳೆ.
ಪಲಟಣಿನಲ್ಲಿ ಮಶಕಬೀನು ಊದುತ್ತಿದ್ದವರು, ಈಗ ನಿವೃತ್ತರು,
ಮಾತಿನ ನಡುವೆ ಕೆಮ್ಮು.

ಕರಿ ಪ್ಲಾಸ್ಟಿಕ್ಕಿನ ಹಿಡಿ, ಕರಿ ಒರೆ,
ಒಂದಕ್ಕೊಂದು ಅಂಟಿಸಿದ್ದು. ಒಳಗೆ ಅಲಗೇ ಇಲ್ಲ.
ಮೇಜಿನ ಮೇಲಿಟ್ಟರು. ಎತ್ತಿ ಅಲ್ಲಾಡಿಸಿದೆ,
ಒಣ ಶೇಂಗಾಕಾಯಿಯಷ್ಟೂ ಸದ್ದಿಲ್ಲ.
"ಸ್ಕೀನ್ ಡೂ ಅಂತಾರೆ. ಸ್ಕಾಟ್ಲೆಂಡಿನವರದು.
ಕಪ್ಪು ಚೂರಿ ಅಂತ ಅರ್ಥ. ನನಗೊಂದು ನಿಜದ್ದು ಬೇಕು."
ಏನು ಕೊಯ್ಯುತ್ತೀರಿ ಅಂದೆ.
ಕೊಯ್ಯುವುದೇನಿಲ್ಲ ಅಂದರು.

ಖಡಕಿ ಬಜಾರಿನ ಹಿಂದೆ ನಮ್ಮ ಹತ್ತಡಿಯ ಅಂಗಡಿ.
ಅಪ್ಪ ಗಜೇಂದ್ರಗಡದಿಂದ ಬಂದದ್ದು
ಕಾರ್ಖಾನೆಯ ಅಚ್ಚಿನ ಮನೆಗೆ, ಮರ ಕೆತ್ತಲು.
ಮೌನೇಶಪ್ಪನ ಮಗಳು ಕಬ್ಬಿಣಕ್ಕೂ ಕೈ ಹಾಕಿದಳು
ಅಂತ ಊರಲ್ಲಿ ಇನ್ನೂ ಆಡಿಕೊಳ್ಳುತ್ತಾರಂತೆ.

ಜೂನಾ ಬಜಾರಿನಲ್ಲಿ ನಲವತ್ತು ರೂಪಾಯಿಗೆ
ಹಲ್ಲು ಸವೆದ ಅರ ಸಿಕ್ಕಿತು.
ಕೆಂಪಗೆ ಕಾಸಿ, ಬೂದಿಯಲ್ಲಿ ಹೂತು
ಒಂದು ರಾತ್ರಿ ಮರೆತೆ. ಬೆಳಿಗ್ಗೆ ಮೆದುವಾಗಿತ್ತು,
ಜ್ವರ ಬಿಟ್ಟವನ ಹಾಗೆ ಹೇಳಿದ್ದಕ್ಕೆಲ್ಲ ಬಾಗುತ್ತಿತ್ತು.
ಗೇಣಿಗಿಂತ ಕಡಿಮೆ ಉದ್ದ, ಒಂದೇ ಕಡೆ ಬಾಯಿ,
ಬೆನ್ನಿಗೆ ಹದಿನಾಲ್ಕು ಗೀರು.
ಗೀರು ಯಾಕೆ ಅಂತ ಅವರಿಗೂ ಗೊತ್ತಿಲ್ಲ, ಚಿತ್ರದಲ್ಲಿತ್ತು.

ಮತ್ತೆ ಕಾಸಿ ಕುಸುಬಿ ಎಣ್ಣೆಗೆ ಇಳಿಸಿದಾಗ
ಬೀದಿಯೆಲ್ಲ ಒಗ್ಗರಣೆಯ ವಾಸನೆ;
ಪಕ್ಕದ ಟೇಲರ್ ಇಣುಕಿ, ಏನಡಿಗೆ ಅಂದ.
ಆಮೇಲೆ ಹದ. ತವೆಯ ಮರಳಲ್ಲಿ ಬೆನ್ನು ಊರಿಸಿ
ಬಣ್ಣ ಕಾಯುತ್ತ ಕೂತೆ.
ಜೋಳದ ದಂಟಿನ ಹಳದಿ ಬಂದೊಡನೆ ತೆಗೆಯಬೇಕು,
ನೀಲಿಗೆ ಬಿಟ್ಟರೆ ಅದು ಚೂರಿಯಲ್ಲ, ಸ್ಪ್ರಿಂಗು.

ಹಿಡಿಗೆ ಬೀಟೆ. ಅದರ ಮೇಲೆ ಹೆಣಿಗೆ,
ಒಂದರ ಕೆಳಗೊಂದು ನುಗ್ಗುವ ಎಳೆ.
ಮೂರು ಸಲ ತಪ್ಪಿದೆ. ಅಪ್ಪ ಕನ್ನಡಕ ಏರಿಸಿ ನೋಡಿದ:
"ಇದು ಹೊರಸಿನ ಹೆಣಿಗಿ ಅಲ್ಲೇನವ್ವಾ?
ನಿಮ್ಮಜ್ಜ ಕಣ್ಣ ಮುಚ್ಚಿ ಹೆಣೀತಿದ್ದ.
ಒರಿಗೆ ಸಾಗವಾನಿ ಹಾಕು. ಮಳಿ ಊರು ಇದು."

ಕೇಳಲಿಲ್ಲ. ರೇಂಜ್ ಹಿಲ್ಸ್ ರಸ್ತೆಗೆ ಹೋದ ವರ್ಷ ಉರುಳಿದ
ಮಾವಿನ ಹಲಗೆ ನನ್ನ ಹತ್ತಿರ ಇತ್ತು,
ಬೂಷ್ಟು ಒಳಗೊಳಗೇ ಎಳೆದ ಕಪ್ಪು ಗೆರೆಗಳು,
ಯಾವುದೋ ನಾಡಿನ ನಕಾಶೆ.
ಅಷ್ಟು ಚೆಂದ ಕಂಡ ಮೇಲೆ ಬುದ್ಧಿ ಎಲ್ಲಿಂದ.

ಎರಡು ಹೋಳು. ಒಳಗೆ ಅಲಗಿನ ಆಕಾರ ಕೊರೆದು,
ಮಸಿ ಬಳಿದು ಕೂರಿಸಿ, ಮಸಿ ತಾಗಿದಲ್ಲಿ ಹೆರೆದು,
ಮತ್ತೆ ಮಸಿ, ಮತ್ತೆ ಹೆರೆ,
ಕೊನೆಗೆ ಅಂಟು. ಏಪ್ರಿಲ್ಲಿನ ಒಣಗಾಳಿಯಲ್ಲಿ
ತಲೆಕೆಳಗೆ ಹಿಡಿದರೂ ಬೀಳುತ್ತಿರಲಿಲ್ಲ,
ಎಳೆದರೆ ಚಿಕ್ಕೆಂದು ಬರುತ್ತಿತ್ತು.
ಜಗದಾಳೆ ಹನ್ನೊಂದು ಸಲ ಎಳೆದರು. ನಾನು ಎಣಿಸಿದೆ.
ಪ್ಯಾಂಟು ಮಡಚಿ, ಕಾಲುಚೀಲಕ್ಕೆ ಸಿಕ್ಕಿಸಿ,
ಬದನೆ ಮಾರುವವರ ನಡುವೆ
ಕೇಳದ ತಾಳಕ್ಕೆ ಹೆಜ್ಜೆ ಇಡುತ್ತ ಹೋದರು.

ಜುಲೈ. ಮುಳಾ ಹೊಳೆ ಸೇತುವೆ ಮುಟ್ಟಿದ ವಾರ
ಕೊಡೆ ಮಡಚುತ್ತ ಬಂದರು. ಚೂರಿ ಬರುವುದಿಲ್ಲ.
ಎಳೆದೆ. ಮೊಣಕಾಲ ನಡುವೆ ಇಟ್ಟು ಎಳೆದೆ.
ಮಾವು ನೀರು ಕುಡಿದು ಹಲ್ಲು ಕಚ್ಚಿತ್ತು.
ಅಪ್ಪ ಏನೂ ಅನ್ನಲಿಲ್ಲ; ಅನ್ನದೆ ಇರುವುದಕ್ಕೆ
ಎದ್ದು ಚಹಾ ತರಲು ಹೋದ.

ಒಡೆದು ಬೇರೆ ಒರೆ ಮಾಡಿಕೊಡುತ್ತೇನೆ, ದುಡ್ಡು ಬೇಡ ಅಂದೆ.
ಉಳಿ ಎತ್ತಿದ್ದೆ. ಕೈ ತಡೆದರು.
ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು.
ಸದ್ದಿಲ್ಲ. ಆದರೆ ತೂಕ ಇದೆಯಲ್ಲ ಅಂದರು,
ತೂಕ ಇದೆ.

ಯಾವಾಗ ಬಿಟ್ಟೀತು?
"ಸಂಕ್ರಮಣಕ್ಕ," ಬಾಗಿಲಲ್ಲಿ ಕಪ್ಪು ಹಿಡಿದ ಅಪ್ಪ,
"ಎಳ್ಳು ಬೀರೋ ಹೊತ್ತಿಗೆ ತಾನಽ ಬಿಡ್ತದ."

ಜಗದಾಳೆ ಕೆಮ್ಮಿ ಮುಗಿಸಿದರು.
ಬೀನಿನ ತೂತು ಮುಚ್ಚುವ ಹಾಗೆ
ಒಂದೊಂದೇ ಬೆರಳು ಇಳಿಸಿ ತಿಂಗಳು ಎಣಿಸಿದರು.
ಆರನೆಯದಕ್ಕೆ ಇನ್ನೊಂದು ಕೈ ಬೇಕಾಯಿತು;
ಅದರಲ್ಲಿ ಚೂರಿ ಇತ್ತು.