ಗಡಿಯಾರದ ಹಸಿರು ಹೋಳು

ವಿಕ್ ಊರಿನ ರೇಡಿಯೋ ಕೋಣೆಯಲ್ಲಿ
ಇಪ್ಪತ್ತಾರು ವರ್ಷ ಬರೀ ಕಿವಿಯಾಗಿದ್ದೆ.
ಗಡಿಯಾರದ ಮುಖಕ್ಕೆ ಎರಡು ಹಸಿರು ಹೋಳು ಬಳಿದಿತ್ತು:
ಗಂಟೆ ತುಂಬಿದಾಗೊಮ್ಮೆ, ಅರ್ಧಕ್ಕೊಮ್ಮೆ
ಮುಳ್ಳು ಅದನ್ನು ಹಾಯುವಷ್ಟು ಹೊತ್ತು, ಮೂರೇ ನಿಮಿಷ,
ಉತ್ತರ ಸಮುದ್ರದಲ್ಲಿ ಯಾರೂ ಮಾತಾಡಕೂಡದು.
ಮೀನಿನ ರೇಟು ಕೇಳುವವರು, ಹೆಂಡತಿಯ ಬಾಣಂತನ ವಿಚಾರಿಸುವವರು
ಎಲ್ಲರೂ ಬಾಯಿ ಮುಚ್ಚಬೇಕು,
ಮುಳುಗುವವನ ಸಣ್ಣ ದನಿ ಎಲ್ಲಿಂದಾದರೂ ಬಂದೀತೆಂದು.

ಆ ಕೋಣೆ ಈಗಿಲ್ಲ. ಉಪಗ್ರಹ ಬಂತು, ನಮ್ಮನ್ನು ಮನೆಗೆ ಕಳಿಸಿತು.

ಈಗ ಶುಕ್ರವಾರ ರಾತ್ರಿ, ಮುಚ್ಚಿಹೋದ ಉಣ್ಣೆಯಂಗಡಿಯ ಮಾಳಿಗೆ,
ಒಂದು ಫೋನು, ಒಂದು ಹೀಟರು, ತಣ್ಣಗಾದ ಚಹಾ.
ತಮ್ಮ ಮೈಗೆ ತಾವೇ ಗಾಯ ಮಾಡಿಕೊಂಡವರು ಕರೆಯುತ್ತಾರೆ.
ಥೆಲ್ಮಾ ಬಡ್ಜ್ ಕಲಿಸಿದ್ದಳು:
ಯಾಕೆ ಅನ್ನಬೇಡ. ಆಣೆ ಹಾಕಿಸಿಕೊಳ್ಳಬೇಡ.
ಮೊದಲು ಗಾಯ ವಿಚಾರಿಸು,
ನೆನೆದು ಬಂದವರಿಗೆ ಟವೆಲ್ ಕೊಡುವ ಹಾಗೆ.

ಎರಡು ನಲವತ್ತಕ್ಕೆ ಒಂದು ಕರೆ.
ಉಸಿರು ಮಾತ್ರ.
"ನಾನು ಮರ್ಡೊ. ಇದ್ದೇನೆ."
ಉಸಿರು.
ಗೊರಗೊರ ಸದ್ದಿನೊಳಗೆ ದೋಣಿ ಗುರುತಿಸಿದ ಕಿವಿ ಇದು;
ಅಡುಗೆಮನೆ ಎಂದು ತಿಳಿಯಿತು. ಫ್ರಿಜ್ಜಿನ ಗುಂಯ್, ಸೋರುವ ನಲ್ಲಿ.
ಬಾಯಿಗೆ ಬಂದ ಒಳ್ಳೆಯ ಮಾತುಗಳನ್ನೆಲ್ಲ ನುಂಗಿಕೊಂಡೆ.

ಆಮೇಲೆ: "ಹೊಲಿಗೆ ಹಾಕಿ ಕಳಿಸಿದರು."
"ನೋವಿದೆಯಾ?"
"ಅದಲ್ಲ. ನರ್ಸು ನನ್ನ ಮುಖ ನೋಡಲಿಲ್ಲ, ಫೈಲು ನೋಡಿದಳು.
ಮತ್ತೆ ನೀನಾ, ಅಂದಳು."

ಮತ್ತೆ ನೀನಾ.
ಸದಾ ಇಂಜಿನ್ ಕೆಟ್ಟು ಕೂಗುತ್ತಿದ್ದ ಸ್ಕಿಪ್ಪರ್ ಒಬ್ಬನಿಗೆ
ನಾನೂ ಅಂದಿದ್ದೆ ಒಂದು ಸಲ. ಅವನು ನಕ್ಕಿದ್ದ.
ಮುಂದಿನ ಚಳಿಗಾಲ ಅವನು ಕರೆದದ್ದು ತೀರ ತಡವಾಗಿ.
ಅದನ್ನು ಅವಳಿಗೆ ಹೇಳಲಿಲ್ಲ.
"ನೂರನೇ ಸಲ ಕರೆದರೂ ಇಲ್ಲಿ
ಮೊದಲ ಸಲದ ಹಾಗೇ ಎತ್ತುತ್ತೇವೆ" ಅಂದೆ.

ನಲ್ಲಿ ತೊಟ್ಟಿಕ್ಕಿತು, ಬಹಳ ಹೊತ್ತು.
"ನೀವು ಬೇರೇನೂ ಹೇಳಲ್ವಾ?"
"ಕೇಳ್ತಾ ಇದ್ದೇನೆ."

ಆಗ ಬಂತು ಮಾತು, ಹಿಂದುಮುಂದಾಗಿ:
ಪಕ್ಕದ ಮನೆಯ ನಾಯಿ, ಕೆಲಸ ಹೋದ ಬೇಕರಿ,
ಸೆಕೆಯಲ್ಲೂ ಬಿಚ್ಚದ ಉದ್ದ ತೋಳಿನ ಅಂಗಿ, ಅಮ್ಮನ ಹೊಸ ಗಂಡ,
ಮತ್ತೆ ನಾಯಿ.
ಟಕ್ ಅಂತ ಏನೋ ಹಾರಿತು ಅಲ್ಲಿ.
"ಬ್ರೆಡ್ಡು. ಕರಕಾಯ್ತು," ಅಂದಳು. ಅರ್ಧ ನಕ್ಕಳೇನೋ.

ಹಳೆಯ ಲಾಗ್‌ಬುಕ್ಕಿನಲ್ಲಿ ದೋಣಿಯ ಹೆಸರು, ಗಾಳಿಯ ದಿಕ್ಕು, ಅಕ್ಷಾಂಶ.
ಇದರಲ್ಲಿ ಹೆಸರಿಲ್ಲ, ಊರಿಲ್ಲ,
ದಡ ಮುಟ್ಟಿದಳೋ ತಿಳಿಯುವ ದಾರಿಯೂ ಇಲ್ಲ.
೨.೪೦ರಿಂದ ೩.೨೫. ಗಾಯಕ್ಕೆ ಆರೈಕೆಯಾಗಿದೆ.
ಬ್ರೆಡ್ ತಿನ್ನುತ್ತಿದ್ದಾಳೆ.

ಥೆಲ್ಮಾ ಕೇಕಿನ ಡಬ್ಬಿ ಹಿಡಿದು ಬಂದು ಏನೋ ಕೇಳಹೊರಟಳು.
ಗೋಡೆಯ ಬಿಳೀ ಗಡಿಯಾರ ತೋರಿಸಿದೆ.
ಮೂರೂವರೆ.