ಕಿಟಕಿ ಕಡೆಯ ಮಂಚ

ಕರೆಂಟಿನ ಹಳೇ ಬಿಲ್ಲಿನ ಬೆನ್ನ ಮೇಲೆ
ಶುಕ್ರವಾರ, ಶನಿವಾರ, ಭಾನುವಾರ ಎಂದು
ಮೂರು ಮನೆ ಗೀಚಿದ್ದೇನೆ, ಚೌಕಾಬಾರದ ಹಾಗೆ.
ಸಬಾಹತ್ ಎದುರು ಕೂತು ಚಹಾಕ್ಕೆ
ಮೂರನೇ ಸಕ್ಕರೆಯಚ್ಚು ಹಾಕುತ್ತಾಳೆ.
ಸಾಮ್ಸುನ್‌ನಿಂದ ಅಮಾಸ್ಯ ಮೂರು ತಾಸಿನ ದಾರಿ.
ಅಷ್ಟಕ್ಕೆ ನಮಗಿಬ್ಬರಿಗೂ ಸೇರಿ
ನಲವತ್ತೊಂದು ವರ್ಷ ಹಿಡಿಯಿತು.

"ಬಸ್ಸು," ಅಂದೆ.
"ರೈಲು," ಅಂದಳು.
ರೈಲು ಎಂದ ಮೇಲೆ ಇಬ್ಬರೂ ಒಂದಿಷ್ಟು ಹೊತ್ತು
ಸುಮ್ಮನೆ ಚಮಚ ತಿರುಗಿಸಿದೆವು.
ಅದೇ ಹಳಿಯ ಮೇಲೆ ಅವನು ಟಿಕೇಟು ತೂತು ಮಾಡುತ್ತ
ವಾರಕ್ಕೆ ನಾಲ್ಕು ಸಲ ಆ ಊರು ದಾಟುತ್ತಿದ್ದ;
ಬಂದು ಹೇಳುತ್ತಿದ್ದ: ಹೊಳೆ ಹಸಿರು ಕಣೆ,
ಮನೆಗಳು ಸೊಂಟ ಬಗ್ಗಿಸಿ ನೀರಿನಲ್ಲಿ
ತಮ್ಮ ಮುಖ ತಾವೇ ನೋಡಿಕೊಳ್ಳುತ್ತವೆ,
ಬರೋ ವಸಂತಕ್ಕೆ ಕರೆದುಕೊಂಡು ಹೋಗುತ್ತೇನೆ.
ಅವಳಿಗೆ ಹೇಳಿದ್ದು ಹದಿನಾಲ್ಕು ವಸಂತ.
ನನಗೆ ಇಪ್ಪತ್ತೇಳು.
ಮಾತೂ ಅದೇ, ಬಗ್ಗಿದ ಸೊಂಟವೂ ಅದೇ.

ಸವತಿ ಅನ್ನುವ ಹಾಗಿಲ್ಲ. ಅವಳು ಕೋರ್ಟಿನ ಮೆಟ್ಟಿಲಿಳಿದ ಮೇಲೆಯೇ
ನಾನು ಆ ಮನೆಯ ಮೆಟ್ಟಿಲು ಹತ್ತಿದ್ದು.
ಗೆಳತಿ ಅನ್ನಲು ನಾಲಿಗೆ ಇನ್ನೂ ಹೊರಳುವುದಿಲ್ಲ.
ಅವನ ನಲವತ್ತನೆಯ ದಿನದ ಹಲ್ವಾ ಕಲಸುವಾಗ
ಕೈಯಿಂದ ಸೌಟು ಕಿತ್ತುಕೊಂಡು
"ತಳ ಹಿಡೀತಿದೆ," ಅಂದಳು. ಅಲ್ಲಿಂದ ಶುರು.

ಶುಕ್ರವಾರದ ಮನೆ: ದೀಪ ಹಾಕಿದ ಮೇಲೆ
ಬಂಡೆಯಲ್ಲಿ ಕೊರೆದ ರಾಜರ ಗೋರಿಗಳನ್ನು
ಕೆಳಗಿಂದಲೇ ನೋಡುವುದು, ನನ್ನ ಮಂಡಿಯ ದೆಸೆಯಿಂದ.
ಶನಿವಾರ: ಮ್ಯೂಸಿಯಂ. ಅಲ್ಲಿ ಏಳುನೂರು ವರ್ಷದ ಹೆಣಗಳು
ಗಾಜಿನೊಳಗೆ ಮಲಗಿವೆಯಂತೆ. ಬೇಡ, ಅಂದಳು.
ಹೊಡೆದು ಹಾಕಿದೆ.
"ಇರಲಿ ಬಿಡು, ಒಬ್ಬ ಗಂಡಸಾದರೂ
ಇಟ್ಟಲ್ಲೇ ಇರುತ್ತಾನಲ್ಲ, ನೋಡೋಣ."
ಮತ್ತೆ ಬರೆದೆ.
ಆಮೇಲೆ, ಹುಚ್ಚರಿಗೆ ವಾದ್ಯ ನುಡಿಸಿ, ನೀರಿನ ಸದ್ದು ಕೇಳಿಸಿ
ವಾಸಿ ಮಾಡುತ್ತಿದ್ದ ಹಳೇ ಆಸ್ಪತ್ರೆ.
ಎಷ್ಟು ಹೊತ್ತು ಅಂತ ಬರೆಯಲಿ?
"ಜಾಗ ಬಿಡು," ಅಂದಳು, "ಗುಣವಾಗೋ ತನಕ."
ಊಟಕ್ಕೆ, ಮೊಗ್ಗಿನಷ್ಟು ಎಳೆ ಬೆಂಡೆ
ದಾರಕ್ಕೆ ಪೋಣಿಸಿ ಒಣಗಿಸಿದ್ದು, ಅದರ ಹುಳಿ ಸಾರು.

ಭಾನುವಾರದ ಮನೆಯಲ್ಲಿ ಸೇಬು ಎಂದು ಬರೆದೆ.
ಅವನ ಕೋಟಿನ ಬಲ ಜೇಬಿನ ಸೇಬು ನನ್ನದು.
ಎಡ ಜೇಬೂ ಅದೇ ಘಮ ಹೊಡೆಯುತ್ತಿತ್ತು, ಖಾಲಿ;
ದಾರಿಯಲ್ಲಿ ತಾನು ತಿಂದಿರಬೇಕು ಎಂದುಕೊಂಡಿದ್ದೆ.
ಸಬಾಹತ್ ಪಟ್ಟಿ ಓದುತ್ತ, ಏನೂ ಅಲ್ಲವೆಂಬಂತೆ:
"ಸೇಬಿಗೆ ದುಡ್ಡು ದಂಡ ಮಾಡಬೇಡ. ಎಲೆ ಉದುರೋ ಕಾಲ ಪೂರ್ತಿ
ನನ್ನ ಕಿಟಕಿ ಕಟ್ಟೆ ಮೇಲೆ ಇಟ್ಟು ಹೋಗುತ್ತಿದ್ದ,
ಬಾಗಿಲು ಕೂಡ ಬಡಿಯದೆ, ಕೊನೇ ವರ್ಷದ ತನಕ.
ತಿಂದು ತಿಂದು ಹಲ್ಲು ಜುಂ ಅನ್ನುತ್ತೆ."

ಬಿಲ್ಲನ್ನು ಮಗುಚಿದೆ. ಆ ಕಡೆ ಅವನ ಹೆಸರು,
ಬಾಕಿ ಇಲ್ಲ ಎಂಬ ನೀಲಿ ಮುದ್ರೆ.
ಮತ್ತೆ ಈ ಕಡೆಗೆ ತಿರುವಿ, ಸೇಬಿನ ಮುಂದೆ
ಎರಡು ಕಿಲೋ ಎಂದು ಒತ್ತಿ ಬರೆದೆ.

ಹೋಟೆಲಿನ ಹುಡುಗ ಫೋನಿನಲ್ಲಿ ಕೇಳಿದ:
ಕೋಣೆ ಒಂದೋ ಎರಡೋ, ಹೊಳೆ ಕಡೆಗೋ ರಸ್ತೆ ಕಡೆಗೋ,
ತಾವಿಬ್ಬರೂ ಅಕ್ಕತಂಗಿಯರೋ?
"ಒಂದು. ಹೊಳೆ ಕಡೆಗೆ," ಅಂದ ಸಬಾಹತ್
ಮೂರನೆಯದಕ್ಕೆ ಫೋನಿಗೆ ಅಂಗೈ ಮುಚ್ಚಿ ನನ್ನತ್ತ ನೋಡಿದಳು.
"ಒಂದೇ ಮನೆಯವರು ಅನ್ನು," ಅಂದೆ.

ಹೊರಡುವಾಗ ಬಾಗಿಲಲ್ಲಿ ಬಗ್ಗಿ ಬೂಟು ಏರಿಸುತ್ತ:
"ನೀನು ಗೊರಕೆ ಹೊಡೀತೀಯಾ? ಈಗಲೇ ಹೇಳಿಬಿಡು."
"ಇಲ್ಲ. ನೀನು ಹೊಡೀತೀಯ ಅಂತ ಅವನು ಹೇಳಿದ್ದ."
"ಕಿಟಕಿ ಹತ್ತಿರ ನಿಂತು ಕೇಳಿರಬೇಕು, ಮುಂಡೇದು,"
ಅಂದವಳೇ, ಕಿಟಕಿ ಕಡೆಯ ಮಂಚ ತನಗೇ ಎಂದು
ಎದೆಗೆ ಬೆರಳು ಒತ್ತಿ ತೋರಿಸಿ
ಮೆಟ್ಟಿಲಿಳಿದಳು.